ಕರಡಿಯ ಚೀಲದಲ್ಲಿ ಖಡಕ್ ರೊಟ್ಟಿ

ಮಹಾಪೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಏಳೆಂಟು ಜನ ಒಂದೇ ಮೇಜಿಗೆ ಡಬ್ಬಿ ಬಿಚ್ಚುತ್ತೇವೆ. ಎಲ್ಲರೂ ನಲವತ್ತರ ಆಚೀಚೆಯವರು. ಹೋದ ಮಳೆಗಾಲದ ಒಂದು ದಿನ ಯಾರೋ ಚಿಕ್ಕಂದಿನ ಕಾರ್ಟೂನಿನ ಮಾತು ತೆಗೆದರು. ಭಾನುವಾರ ಬೆಳಿಗ್ಗೆ ಬರುತ್ತಿತ್ತಲ್ಲ, ಆ ಕರಡಿಯದು ಎಂದರು. ಅಷ್ಟೇ ಸಾಕಾಯಿತು. ಒಬ್ಬರು ಅದರ ಮೊದಲ ಹಾಡನ್ನು ಎತ್ತಿಕೊಂಡರು, ಉಳಿದವರು ಚಮಚದಿಂದ ಡಬ್ಬಿ ಬಡಿಯುತ್ತ ದನಿಗೂಡಿಸಿದರು. ರಜೆ ಕೇಳಲು ಹೋದರೆ ಕಣ್ಣೆತ್ತಿಯೂ ನೋಡದ ನಮ್ಮ ಮ್ಯಾನೇಜರು ಕೂಡ ತಲೆದೂಗುತ್ತ ಹಾಡಿದರು.

ನಾನು ಹಾಡಲಿಲ್ಲ. ನನಗೆ ಆ ಹಾಡು ಗೊತ್ತೇ ಇರಲಿಲ್ಲ. ಕರಡಿ ಚೆನ್ನಾಗಿ ಗೊತ್ತು. ಅದರ ಟೋಪಿ, ಎಡಗಾಲು ಎಳೆದು ನಡೆಯುವ ರೀತಿ, ಹೆಗಲಿನ ಚೀಲ ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಹಾಡನ್ನು ಮಾತ್ರ ಒಂದು ಸಲವೂ ಕೇಳಿರಲಿಲ್ಲ.

"ತೂ ಟೀವಿ ದೇಖ್ತೀ ಥೀ ಯಾ ಫೋಟೋ?" ನೀನು ನೋಡುತ್ತಿದ್ದದ್ದು ಟೀವಿಯೋ ಫೋಟೋನೋ ಎಂದು ಪಕ್ಕದಲ್ಲಿದ್ದವಳು ಕಾಲೆಳೆದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಡಬ್ಬಿ ಮುಚ್ಚಿಕೊಂಡು ಎದ್ದುಬಂದೆ. ಕರಡಿಯ ಚೀಲದಲ್ಲಿ ಏನಿರುತ್ತಿತ್ತು ಎಂದು ಅವರು ಕೇಳಲಿಲ್ಲ, ಪುಣ್ಯ. ನನ್ನ ಉತ್ತರ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಆ ನಗುವನ್ನು ನಾನು ಶಾಲೆಯ ಮೂರನೇ ಇಯತ್ತೆಯಲ್ಲೇ ಒಮ್ಮೆ ಕೇಳಿದ್ದೇನೆ.

ಆಗ ನಾವಿದ್ದದ್ದು ಡೊಂಬಿವಲಿಯಲ್ಲಿ, ಒಂದು ರೂಮು, ಒಂದು ಕಿಚನ್ನಿನ ಮನೆ. ಅವ್ವ, ಅಪ್ಪ, ನಾನು. ಅವ್ವ-ಅಪ್ಪ ಈಗಲೂ ಅಲ್ಲೇ ಇದ್ದಾರೆ. ಅಪ್ಪ ಅಲ್ಲಿನ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದರು. ಬೇರೆಯವರು ಬೇಡವೆನ್ನುವ ರಾತ್ರಿಪಾಳಿಯನ್ನು ತಾವಾಗಿ ಕೇಳಿ ಹಾಕಿಸಿಕೊಂಡಿದ್ದರು. ಅಲ್ಲಿ ಕಾರ್ಖಾನೆಗಳಿಗೆ ವಾರದ ರಜೆ ಶುಕ್ರವಾರ. ಹೀಗಾಗಿ ಊರಿಗೆಲ್ಲ ಭಾನುವಾರದ ಗದ್ದಲವಿದ್ದಾಗ ನಮ್ಮ ಅಪ್ಪ ಪಾಳಿ ಮುಗಿಸಿ ಬಂದು, ಒಂದು ಕಪ್ ಚಹಾ ಕುಡಿದು, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಕಾಟಿನ ಕಾಲಕಡೆ ಟೀವಿ. ನಡುವೆ ಅವ್ವನ ಹಳೆಯ ಇಳಕಲ್ ಸೀರೆಯ ಪರದೆ.

ಅಪ್ಪ ಮಲಗಿದರೆಂದರೆ ಮನೆಯಲ್ಲಿ ಕಾಯ್ದೆಗಳು ಜಾರಿಗೆ ಬರುತ್ತಿದ್ದವು. ಕುಕ್ಕರ್ ಇಡುವಂತಿಲ್ಲ, ಸೀಟಿ ಹೊಡೆಯುತ್ತದೆ. ರೊಟ್ಟಿ ಬಡಿಯುವಂತಿಲ್ಲ. ಬಂದವರು ಬೆಲ್ ಒತ್ತಬಾರದೆಂದು ಬಾಗಿಲನ್ನು ಅರ್ಧ ತೆರೆದೇ ಇಡಬೇಕು. ಟೀವಿ ಹಚ್ಚಬಹುದು, ಆದರೆ ಆವಾಜು ಪೂರ್ತಿ ಸೊನ್ನೆ. ಅಪ್ಪ ಬೈಯುವ ಮನುಷ್ಯರೇನಲ್ಲ. ಎಚ್ಚರವಾದರೆ ಏನೂ ಅನ್ನದೆ ಎದ್ದು ಕೂತು, ಕೆಂಪು ಕಣ್ಣಿನಿಂದ ಗೋಡೆ ನೋಡುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ರೊಟ್ಟಿ ಬಡಿಯುವಂತಿಲ್ಲ ಎಂಬ ಕಾಯ್ದೆಯಿಂದ ನನಗೊಂದು ಲಾಭವಾಯಿತು. ಭಾನುವಾರ ಆ ಹೊತ್ತಿನಲ್ಲಿ ಅವ್ವನ ಕೈ ಖಾಲಿ ಇರುತ್ತಿತ್ತು. ಮೆಂತ್ಯದ ಸೂಡು ಬಿಡಿಸುತ್ತ ನನ್ನ ಪಕ್ಕ ಬಂದು ಕೂರುತ್ತಿದ್ದಳು. "ಕರಡಿ ಏನಂತೈತಿ ಅವ್ವಾ?" ಎಂದು ಮೊದಲ ಸಲ ನಾನೇ ಕೇಳಿದ್ದಿರಬೇಕು. ಅವ್ವನಿಗೆ ಆಗ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಮರಾಠಿಯೂ ತರಕಾರಿ ಮಾರುವವಳ ಹತ್ತಿರ ಚೌಕಾಶಿ ಮಾಡುವಷ್ಟು ಮಾತ್ರ. ಆವಾಜು ಇದ್ದಿದ್ದರೂ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಒಂದು ಕ್ಷಣವೂ ತಡವರಿಸಲಿಲ್ಲ. ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

"ತಂಗೀ ಊರಿಗೆ ಹೊಂಟೀನಿ ಅಂತೈತಿ."

ಅಲ್ಲಿಂದ ಶುರುವಾಯಿತು. ಕರಡಿ ಅಣ್ಣ. ಅವನ ತಂಗಿಯನ್ನು ಬಹಳ ದೂರದ ಊರಿಗೆ ಕೊಟ್ಟಿದ್ದಾರೆ. ಪಂಚಮಿ ಹತ್ತಿರ ಬಂದಿದೆ. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ, ಮದುವೆಯಾದ ಹೆಣ್ಣುಮಗಳನ್ನು ತವರಿಗೆ ಕರೆದುಕೊಂಡು ಬರಬೇಕು. ಅದಕ್ಕೇ ಕರಡಿ ಹೊರಟಿದೆ. ಚೀಲದಲ್ಲಿ ಶೇಂಗಾ ಉಂಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಖಡಕ್ ಜೋಳದ ರೊಟ್ಟಿ. ಟೋಪಿಯ ಮೇಲೆ ಕೂತ ಅಳಿಲು ಅವನ ಮಗಳು, ಅತ್ತೆಯ ಮನೆ ನೋಡಬೇಕೆಂದು ಹಟ ಮಾಡಿ ಬಂದವಳು. ದಾರಿಗೆ ಅಡ್ಡ ಬರುವ ಕಾಗೆ ಬೀಗರ ಕಡೆಯ ಹಿರಿಯ. ಅವನಿಗೆ ಯಾವುದೂ ಸರಿಬರುವುದಿಲ್ಲ.

"ಕಾಗಿ ನೋಡ, ಚೀಲದಾಗ ಇಣಿಕಿ ನೋಡಿ ಏನಂತೈತಿ? 'ಏನಪಾ, ಇಷ್ಟ ರೊಟ್ಟಿ? ನಿಮ್ಮೂರಾಗ ಜ್ವಾಳಾ ಬೆಳೆಯೂದಿಲ್ಲೇನ?'"

ನಾನು ನಗು ತಡೆಯಲು ತಲೆದಿಂಬನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಅವ್ವ ಸೆರಗು ಒತ್ತಿಕೊಳ್ಳುತ್ತಿದ್ದಳು. ಒಮ್ಮೆ ಕಾರ್ಟೂನಿನಲ್ಲಿ ಹಿಮ ಬಿತ್ತು. ಅವ್ವ ಹಿಮ ಕಂಡವಳಲ್ಲ, ಎರೆಹೊಲದ ನಾಡಿನವಳು. "ಹತ್ತಿ ಅಂಡಿಗಿ ಒಡದೈತಿ, ಹಾರ್ಯಾಡಾಕ ಹತ್ತೈತಿ" ಎಂದಳು. ನನಗೂ ಅದು ಹತ್ತಿಯೇ. ಮುಂದೆ ಭೂಗೋಳದ ಪುಸ್ತಕದಲ್ಲಿ ಹಿಮಾಲಯದ ಚಿತ್ರ ನೋಡಿದಾಗಲೂ ನನಗೆ ಮೊದಲು ಹತ್ತಿಯೇ ನೆನಪಾಯಿತು.

ವಾರವಾರವೂ ಕರಡಿ ನಡೆಯುತ್ತಿತ್ತು. ಹೊಳೆ ಬಂತು, ಸೇತುವೆ ಮುರಿಯಿತು, ಕಾಗೆ ದಾರಿ ತಪ್ಪಿಸಿತು. ಕರಡಿ ಇನ್ನೂ ಮುಟ್ಟಲಿಲ್ಲವಲ್ಲ ಎಂದು ನಾನು ಗೋಳಾಡಿದರೆ ಅವ್ವ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: "ಇರಲಿ ಬಿಡ, ತಡಾ ಆದ್ರ ಆಗ್ಲಿ. ಖಡಕ್ ರೊಟ್ಟಿ ಕೆಡೂದಿಲ್ಲ." ಅಪ್ಪ ಮಗ್ಗುಲು ಬದಲಿಸಿದರೆ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. ಗೊರಕೆ ಮತ್ತೆ ಶುರುವಾದ ಮೇಲೆ ಕರಡಿಯೂ ಮತ್ತೆ ಮಾತಾಡುತ್ತಿತ್ತು. ನನ್ನ ಬಾಲ್ಯದ ಅತ್ಯಂತ ಸುಖದ ಅರ್ಧ ತಾಸು ಅದು. ಅದಕ್ಕಿಂತ ದೊಡ್ಡ ಸುಖ ಆಮೇಲೂ ನನಗೆ ಹೆಚ್ಚು ಸಿಕ್ಕಿಲ್ಲ.

ಇಲ್ಲಿ ನನ್ನ ದಡ್ಡತನ ಹೇಳಿಬಿಡಬೇಕು. ಟೀವಿಯಲ್ಲಿ ಬರುವುದು ಹಿಂದಿ, ಅವ್ವ ಹೇಳುವುದು ಅವಳದೇ ಕತೆ ಎಂದು ನನಗೆ ಹೊಳೆಯಲೇ ಇಲ್ಲ. ಒಳಗೆ ಕರಡಿ ಕನ್ನಡದಲ್ಲೇ ಮಾತಾಡುತ್ತಿದೆ, ಅಪ್ಪ ಮಲಗಿದ್ದರಿಂದ ನನಗೆ ಕೇಳುತ್ತಿಲ್ಲ, ಅವ್ವನಿಗೆ ಹೇಗೋ ಕೇಳುತ್ತಿದೆ ಎಂದುಕೊಂಡಿದ್ದೆ.

ನಾನು ಓದುತ್ತಿದ್ದದ್ದು ಮರಾಠಿ ಶಾಲೆಯಲ್ಲಿ. ಒಂದು ಸೋಮವಾರ ಜೋರು ಮಳೆ. ಅರ್ಧಕ್ಕರ್ಧ ಮಕ್ಕಳು ಬಂದಿರಲಿಲ್ಲ. ಪಾಠ ಬೇಡವೆಂದು ನಮ್ಮ ಬಾಯಿ, ಅಲ್ಲಿ ಟೀಚರನ್ನು ಬಾಯಿ ಎನ್ನುತ್ತಿದ್ದೆವು, ನಿನ್ನೆಯ ಕಾರ್ಟೂನಿನ ಕತೆ ಯಾರು ಹೇಳುತ್ತೀರಿ ಎಂದು ಕೇಳಿದರು. ಎಲ್ಲರಿಗಿಂತ ಮೊದಲು ನಾನು ಕೈಯೆತ್ತಿದೆ. ಬೋರ್ಡಿನ ಮುಂದೆ ನಿಂತು ಹೇಳಿದೆ: ಅಣ್ಣ ಕರಡಿ, ಪಂಚಮಿ, ದೂರದ ತಂಗಿ, ರೊಟ್ಟಿಯ ಚೀಲ, ಬೀಗರ ಕಾಗೆ. ಮೊದಲು ಎಲ್ಲರೂ ಸುಮ್ಮನೆ ಕೇಳಿದರು. ಆಮೇಲೆ ಮುಂದಿನ ಬೆಂಚಿನವಳು ಎದ್ದು, "ಅಗಂ, ತೋ ಪೋಸ್ಟಮನ್ ಆಹೆ!" ಎಂದಳು. ಅಂಚೆಯವನು ಕರಡಿ. ಚೀಲದಲ್ಲಿರುವುದು ಕಾಡಿನ ಪ್ರಾಣಿಗಳ ಕಾಗದಗಳು. ಇಡೀ ವರ್ಗ ನಕ್ಕಿತು. ಬಾಯಿ ಕೂಡ ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಅದು ಈಗ ತಿಳಿಯುತ್ತದೆ. ಆವತ್ತು ಮಾತ್ರ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಮನೆಗೆ ಬಂದಾಗ ಅವ್ವ ಅಕ್ಕಿ ಆರಿಸುತ್ತಿದ್ದಳು. ನಾನು ಚೀಲವನ್ನೂ ಇಳಿಸಲಿಲ್ಲ. "ನಿನಗ ಹಿಂದಿ ಬರೂದಿಲ್ಲ. ಬರೇ ಸುಳ್ಳ ಹೇಳ್ತಿ. ಕರಡಿ ಪೋಸ್ಟಮನ್ ಐತಿ. ಇನ್ನ ಮ್ಯಾಲೆ ಬಾಯಿ ತಗೀಬ್ಯಾಡ ನೀ" ಎಂದೆ. ಆಗಲೂ ಅಪ್ಪ ಮಲಗಿದ್ದರು. ನಾನು ಅಷ್ಟನ್ನೂ ಕೂಗಿಯೇ ಹೇಳಿದೆ.

ಅವ್ವ ಪರದೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಪೋಸ್ಟಮನ್ ಏನ ಅಂವಾ?" ಎಂದಳು. ಆಮೇಲೆ "ಆತ ಬಿಡವ್ವಾ" ಎಂದು ಮೊರದಲ್ಲಿದ್ದ ಅಕ್ಕಿಯ ಮೇಲೆ ಮತ್ತೆ ಬಾಗಿದಳು.

ಮುಂದಿನ ಭಾನುವಾರದಿಂದ ಆ ಹೊತ್ತಿಗೆ ನಾನು ಬಿಲ್ಡಿಂಗಿನ ಕೆಳಗೆ ಆಡಲು ಹೋಗತೊಡಗಿದೆ. ಆ ಕಾರ್ಟೂನೇ ಬೇಡ ಎಂದುಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ದೊಡ್ಡವರು ಹೇಳುವುದು ಸುಮ್ಮನಲ್ಲ. ಒಮ್ಮೆ ನೀರು ಕುಡಿಯಲು ಮೇಲೆ ಬಂದೆ. ಅರ್ಧ ತೆರೆದ ಬಾಗಿಲಲ್ಲಿ ನೋಡಿದರೆ ಟೀವಿ ಹಚ್ಚಿತ್ತು, ಆವಾಜಿಲ್ಲ. ಅವ್ವ ಅದರ ಮುಂದೆ ಒಬ್ಬಳೇ ಕೂತಿದ್ದಳು, ತುಟಿ ಅಲುಗಾಡುತ್ತಿರಲಿಲ್ಲ. ನಾನು ನೀರು ಕುಡಿಯದೆ ಇಳಿದುಹೋದೆ. ಅದಾದ ಮೇಲೆ ಅವ್ವ ನನಗೆ ಊಟ ಹಾಕಿದಳು, ಓದಿಸಿದಳು, ಮದುವೆ ಮಾಡಿದಳು. ಕತೆ ಮಾತ್ರ ಒಂದನ್ನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಕ್ಯಾಂಟೀನಿನಿಂದ ಎದ್ದುಬಂದ ದಿನ ಸಂಜೆ, ಕಾಲೆಳೆದವಳೇ ನನಗೆ ಒಂದು ಲಿಂಕ್ ಕಳಿಸಿದಳು. ಯಾರೋ ಹಳೆಯ ಕಂತುಗಳನ್ನೆಲ್ಲ ಯೂಟ್ಯೂಬಿಗೆ ಹಾಕಿದ್ದರು. ನಾನೀಗ ಇರುವ ಕಳಂಬೋಲಿಗೆ ಮರಳುವ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ನೋಡಿದೆ. ಮೊದಲ ಸಲ ಆ ಹಾಡು ಕೇಳಿದೆ, ಚೆನ್ನಾಗಿಯೇ ಇತ್ತು. ಆಮೇಲೆ ಕರಡಿ ಬಾಯಿ ತೆರೆಯಿತು. ದಪ್ಪ ಗಂಡು ದನಿಯ ಹಿಂದಿ. ನನಗೆ ಮೈಯೆಲ್ಲ ಮುಜುಗರ. ನನ್ನ ಕರಡಿ ಅಷ್ಟು ಜೋರಾಗಿ ಮಾತಾಡುವವನಲ್ಲ! ಅವನು ಪಿಸುಗುಟ್ಟುತ್ತಾನೆ, ಬಾಗಲಕೋಟೆ ಕಡೆಯ ಕನ್ನಡ ಆಡುತ್ತಾನೆ. ಐದು ನಿಮಿಷಕ್ಕೆ ಬಂದುಮಾಡಿದೆ.

ಬಸ್ಸು ಕಬ್ಬಿಣ ಮಾರ್ಕೆಟ್ಟಿನ ಟ್ರೇಲರುಗಳ ಹಿಂದೆ ನಿಂತಿದ್ದಾಗ ನನಗೆ ಸೋದರಮಾವ ನೆನಪಾದರು. ಅವ್ವನಿಗೆ ಇದ್ದದ್ದು ಅವರೊಬ್ಬರೇ ಅಣ್ಣ. ಬಾದಾಮಿ ಕಡೆಯ ಹಳ್ಳಿಯಲ್ಲಿ ಕಿರಾಣಿ ಅಂಗಡಿ. ಪ್ರತಿ ವರ್ಷ ಪಂಚಮಿಗೆ ಮುಂಚೆ ಅವರ ಕಾಗದ ಬರುತ್ತಿತ್ತು, ಈ ಸಲ ನಾನೇ ಬಂದು ನಿನ್ನನ್ನು ಕರಕೊಂಡು ಹೋಗುತ್ತೇನೆ ಎಂದು. ಅಂಗಡಿ ಬಿಟ್ಟು ಬರಲು ಅವರಿಗೆ ಆಗಲೇ ಇಲ್ಲ. ನಾನು ಕಾಲೇಜಿನಲ್ಲಿದ್ದಾಗ ತೀರಿಕೊಂಡರು, ಡೊಂಬಿವಲಿಯ ನಮ್ಮ ಮನೆಯನ್ನು ಒಮ್ಮೆಯೂ ನೋಡದೆ. ಕಾಗದ ತರುವ ಕರಡಿ ಅವ್ವನಿಗೆ ಏಕೆ ಬೇಕಿತ್ತು? ಕಾಗದಗಳು ಅವಳ ಹತ್ತಿರ ಸಾಕಷ್ಟಿದ್ದವು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತಲ್ಲ ಎಂದು ಬಸ್ಸಿನಲ್ಲೇ ಕಣ್ಣು ತುಂಬಿದವು. ಪಕ್ಕದ ಸೀಟಿನ ಅಜ್ಜ ಕಿಟಕಿ ಮುಚ್ಚಲೇ ಎಂದು ಕೇಳಿದರು, ಮಳೆಯ ಎರಚಲು ಬಿತ್ತೆಂದುಕೊಂಡು.

ಆ ಗಳಿಗೆಯಿಂದ ನನಗೆ ಬೇಕಾಗಿದ್ದು ಒಂದೇ. ಅವ್ವನ ಕರಡಿ ತಂಗಿಯ ಮನೆ ಮುಟ್ಟಿತೋ ಇಲ್ಲವೋ? ಅದನ್ನು ಯೂಟ್ಯೂಬ್ ಹೇಳಲಾರದು. ಹೇಳಬೇಕಾದವಳ ಬಾಯನ್ನು ನಾನೇ ಮುಚ್ಚಿಸಿದ್ದೆ.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಡೊಂಬಿವಲಿಗೆ ಹೋದೆ. ಅವಳಿಗೆ ಏಳು ವರ್ಷ. ನನ್ನ ಗಂಡ ಮರಾಠಿಯವರು, ಮನೆಮಾತು ಮರಾಠಿಯೇ. ಮಗಳಿಗೆ ಕನ್ನಡ ಹೇಳಿದರೆ ತಿಳಿಯುತ್ತದೆ, ಬಾಯಲ್ಲಿ ಬರುವುದಿಲ್ಲ. ಅವ್ವನಿಗೂ ಅವಳಿಗೂ ಒಂದು ದಿನಕ್ಕೆ ಹತ್ತು ಮಾತಾದರೆ ಹೆಚ್ಚು. "ಉಂಡೀಯೇನ?" ಎಂದು ಅವ್ವ. "ಹೋ ಆಜಿ", ಹೌದಜ್ಜಿ ಎಂದು ಇವಳು. ಆಮೇಲೆ ಇಬ್ಬರೂ ನನ್ನ ಮುಖ ನೋಡುತ್ತಾರೆ.

ಮನೆ ಹತ್ತಿರವಾದಂತೆ ಮೆಟ್ಟಿಲಲ್ಲೇ ನಮ್ಮ ಟೀವಿ ಕೇಳಿಸಿತು. ಈಗ ಅಪ್ಪನಿಗೆ ಕಿವಿ ಪೂರಾ ಮಂದ. ಎಷ್ಟು ವರ್ಷ ಕಾರ್ಖಾನೆಯ ಯಂತ್ರಗಳ ನಡುವೆ ಇದ್ದರೋ! ಯಾರ ನಿದ್ದೆಗಾಗಿ ನಾವು ಪಿಸುಗುಟ್ಟಿದೆವೋ ಆ ಮನುಷ್ಯ ಈಗ ಮೂರು ಮಾಳಿಗೆಗೆ ಕೇಳುವಂತೆ ಸುದ್ದಿ ನೋಡುತ್ತಾರೆ. ಊಟವಾದ ಮೇಲೆ ಹಳೆಯ ಜಾಗದಲ್ಲೇ, ಗೋಡೆಗೆ ಮುಖ ಮಾಡಿ ಮಲಗಿದರು. ಸೀರೆಯ ಪರದೆ ಯಾವಾಗಲೋ ಹೋಗಿತ್ತು. ನಾನು ಮಗಳಿಗೆ, ನಿನಗೊಂದು ಹಳೆಯ ಕಾರ್ಟೂನು ತೋರಿಸುತ್ತೇನೆ ಎಂದೆ. ಅವಳೇ ನನ್ನ ಫೋನನ್ನು ಟೀವಿಗೆ ಜೋಡಿಸಿದಳು. ನಾನು ಕೊನೆಯ ಕಂತನ್ನು ಹಚ್ಚಿದೆ. ಹಾಡು ಶುರುವಾಯಿತು.

ಅಡಿಗೆಮನೆಯಿಂದ ಕೈ ಒರೆಸುತ್ತ ಬಂದ ಅವ್ವ, ಏನು ಎತ್ತ ಎಂದು ಕೇಳದೆ ರಿಮೋಟ್ ತೆಗೆದುಕೊಂಡು ಆವಾಜನ್ನು ಸೊನ್ನೆಗೆ ಇಳಿಸಿದಳು.

"ಅವ್ವಾ, ಅಪ್ಪಗ ಕೇಳಸೂದ ಇಲ್ಲಲ್ಲ!" ಎಂದೆ.

"ಆದ್ರೂ ಮಲಗ್ಯಾರಲ್ಲ" ಎಂದಳು ಅವ್ವ.

ಆಮೇಲೆ ಟೀವಿಯ ಕಡೆ ನೋಡಿ ಅಲ್ಲೇ ನಿಂತಳು. ಟೋಪಿ, ಚೀಲ, ಎಳೆಯುವ ಎಡಗಾಲು. ಮಗಳಿಗೆ ಬೇಸರವಾಯಿತು. "ಆಜಿ, ಆವಾಜ್ ಕಾ ನಾಹೀ? ತೋ ಕಾಯ್ ಬೋಲ್ತೋಯ್?" ಎಂದು ಅವ್ವನ ಸೀರೆ ಜಗ್ಗಿದಳು. ಕರಡಿ ಏನನ್ನುತ್ತಿದೆ? ಅದೇ ಪ್ರಶ್ನೆ.

ಅವ್ವ ನನ್ನ ಕಡೆ ತಿರುಗಿ ನೋಡಿದಳು. ಅವಳು ನನ್ನ ಒಪ್ಪಿಗೆ ಕೇಳುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ತನ್ನ ಮನೆಯಲ್ಲಿ, ತನ್ನ ಮೊಮ್ಮಗಳಿಗೆ ಒಂದು ಕತೆ ಹೇಳಲು ನನ್ನ ಮುಖ ನೋಡುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಹೇಳ ಅವ್ವಾ. ನಾ ಅವತ್ತ ಹಂಗ ಅನ್ನಬಾರದಿತ್ತು. ಭಾಳ ತಪ್ಪ ಮಾಡೀನಿ" ಎಂದೆ. ದನಿ ಏರಿತ್ತೋ ಏನೋ.

"ಶ್!" ಎಂದಳು ಅವ್ವ, ಕಾಟಿನ ಕಡೆ ಕೈ ತೋರಿಸಿ. "ಹಗೂರ ಮಾತಾಡ."

ಮೂವತ್ತು ವರ್ಷ ನಾನು ಹೊಟ್ಟೆಯಲ್ಲಿಟ್ಟುಕೊಂಡ ಕ್ಷಮೆಯಾಚನೆ ಅಲ್ಲಿಗೆ ಮುಗಿಯಿತು. ಅವ್ವ ನೆಲದ ಮೇಲೆ ಕೂತಳು. ಮಗಳು ಅವಳಿಗೆ ಅಂಟಿ ಕೂತಳು; ಪಿಸುಮಾತು ಕೇಳಬೇಕೆಂದರೆ ಹತ್ತಿರ ಕೂರಲೇಬೇಕಾಗುತ್ತದೆ. ಅವ್ವ ಅವಳ ಕಿವಿಯ ಹತ್ತಿರ ಬಾಗಿದಳು.

"ಇಂವಾ ಅಣ್ಣ. ಇವನ ತಂಗೀನ್ನ ಭಾಳ ದೂರ ಕೊಟ್ಟಾರ. ಪಂಚಮಿಗೆ ಕರಿಯಾಕ ಹೊಂಟಾನ. ಇನ್ನೂ ಮುಟ್ಟಿಲ್ಲ. ನಿಮ್ಮವ್ವ ಆಡಾಕ ಹ್ವಾದ್ಲು, ಇಂವಾ ಹಾದ್ಯಾಗ ಉಳದಾ."

ಒಂದು ಮಾತೂ ಮರೆತಿರಲಿಲ್ಲ. ಕಾಗೆ ಬಂತು, ಬೀಗರ ಕೊಂಕು ಬಂತು. ಮಗಳು ಮೊದಲು ನನ್ನ ಕಡೆ ನೋಡಿದಳು, ಆಮೇಲೆ ನೋಡುವುದನ್ನು ಬಿಟ್ಟಳು. ಕಾಗೆಯ ಮಾತಿಗೆ ನಗು ಬಂದಾಗ ಅವಳಾಗಿಯೇ ಬಾಯಿಗೆ ಕೈ ಒತ್ತಿಕೊಂಡಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಕರಡಿ ಒಂದು ಸಣ್ಣ ಮನೆಯ ಮುಂದೆ ಬಂದು ನಿಂತಿತು. ಬಸ್ಸಿನಲ್ಲಿ ನಾನು ಇದನ್ನು ನೋಡಿರಲಿಲ್ಲ. ಅವ್ವ ನೋಡಿದ್ದಳು, ನಾನು ಕೆಳಗೆ ಆಡುತ್ತಿದ್ದ ಭಾನುವಾರಗಳಲ್ಲಿ ಒಬ್ಬಳೇ ಕೂತು ಕಡೆಯ ತನಕ ನೋಡಿದ್ದಳು. ಕರಡಿ ಬಾಗಿಲು ಬಡಿಯಿತು. ಬಾಗಿಲು ತೆರೆಯಿತು.

"ಪೋಹೋಚ್‌ಲಾ?" ಎಂದಳು ಮಗಳು, ಮುಟ್ಟಿದನಾ ಎಂದು.

ಅವ್ವ ಒಮ್ಮೆ ಕಾಟಿನ ಕಡೆ ನೋಡಿದಳು. ಅಪ್ಪನ ಗೊರಕೆ ಕೇಳುತ್ತಿತ್ತು.

"ಮುಟ್ಟಿದಾ. ತಂಗಿ ಬಂದು ಬಾಗಲಾ ತಗದ್ಲು. ತಗದು ಏನಂದ್ಲು ಗೊತ್ತೇನ? 'ಹಗೂರ ಒಳಗ ಬಾ ಅಣ್ಣಾ, ಸಪ್ಪಳ ಮಾಡಬ್ಯಾಡ. ಇವ್ರು ರಾತ್ರಿಪಾಳಿ ಮುಗಿಸಿ ಬಂದು ಮಲಗ್ಯಾರ.'"

ನಾನು ಮುಖ ತಿರುಗಿಸಿಕೊಂಡೆ. ಆ ಮನೆ ಯಾವುದೆಂದು ಮಗಳಿಗೆ ತಿಳಿಯುವಂತಿರಲಿಲ್ಲ. ಅವಳ ಚಿಂತೆ ಬೇರೆ ಇತ್ತು. ಅವಳು ಅವ್ವನ ಕಿವಿಯ ಹತ್ತಿರ ಬಾಯಿ ಒಯ್ದು, ತನಗೆ ಬರುವ ಅರೆಬರೆ ಕನ್ನಡದಲ್ಲಿ ಪಿಸುಗುಟ್ಟಿದಳು: "ಆಜಿ, ರೊಟ್ಟಿ? ಖರಾಬ್ ಆತು?"

"ಇಲ್ಲವ್ವಾ" ಎಂದಳು ಅವ್ವ. "ಖಡಕ್ ರೊಟ್ಟಿ. ಎಷ್ಟ ವರ್ಷ ಆದ್ರೂ ಕೆಡೂದಿಲ್ಲ."